ನಿಮಗಿದು ಗೊತ್ತೇ? ದೊಡ್ಡ ಕರುಳಿಗೂ ಕಹಿ ಗೊತ್ತಾಗುತ್ತದೆ!

ಕಹಿ ತಿಳಿಯುವುದು ನಾಲಿಗೆಗೆ ಮಾತ್ರ ಅಂದುಕೊಂಡಿದ್ದೀರಾ? ನಿಮ್ಮ ಮೂಗಿನೊಳಗೂ ಕಹಿ ಪತ್ತೆಹಚ್ಚುವ ರಿಸೆಪ್ಟರ್‌ಗಳಿವೆ. ಶ್ವಾಸನಾಳದಲ್ಲೂ ಇವೆ. ದೊಡ್ಡ ಕರುಳಿನಲ್ಲೂ ಇವೆ! ನಾಲಿಗೆಯಲ್ಲಿ ಇವನ್ನು ತಯಾರಿಸುವ ಜೀನ್‌ಗಳೇ ಅಲ್ಲೂ ತಯಾರಿಸುತ್ತವೆ. ಆ ಜೀನ್‌ಗಳಲ್ಲಿ ಒಂದಕ್ಕೂ ಕರುಳಿನ ಕ್ಯಾನ್ಸರಿಗೂ ಏನೋ ನಂಟಿದೆ ಎಂಬ ಗುಮಾನಿ ವಿಜ್ಞಾನಿಗಳಿಗೆ ಇಪ್ಪತ್ತು ವರ್ಷಗಳಿಂದ ಇದೆ. ಆ ನಂಟು ಎಂಥ ವಿಚಿತ್ರದ್ದು ಅಂತೀರಿ!

ಮೊದಲು ಲೆಕ್ಕ ಕೇಳಿ. ಸಿಹಿ ತಿಳಿಯಲು ನಮಗೆ ಮುಖ್ಯವಾಗಿ ಒಂದೇ ಒಂದು ಬಗೆಯ ರಿಸೆಪ್ಟರ್ ಇದೆ, ಎರಡು ಜೀನ್ ಸೇರಿ ಕಟ್ಟಿದ್ದು. ಕಹಿಗೆ ಎಷ್ಟು ಗೊತ್ತೇ? ಸುಮಾರು 25! ಹೋಳಿಗೆ ತಪ್ಪಿಹೋದರೆ ಜೀವವೇನೂ ಹೋಗುವುದಿಲ್ಲ, ವಿಷದ ಸೊಪ್ಪು ಗೊತ್ತಾಗದಿದ್ದರೆ ಹೋಗುತ್ತದೆ. ಅದಕ್ಕೇ ಈ ಪರಿ ಕಾವಲು.

ಇವಲ್ಲದೆ ಕೆಟ್ಟು ಕೂತ ಹಳೆಯ ಕಹಿ ಜೀನ್‌ಗಳೂ ಹತ್ತು-ಹನ್ನೊಂದು ನಮ್ಮೊಳಗೇ ಬಿದ್ದಿವೆ. ಕೆಲಸವಿಲ್ಲ, ಆದರೂ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತಲೇ ಇವೆ!

ಕೋಳಿಗೆ ಕಹಿಯ ಜೀನ್ ಎಷ್ಟು? ಮೂರೇ ಮೂರು! ಬೆಕ್ಕಿಗಂತೂ ಸಿಹಿಯೇ ಗೊತ್ತಿಲ್ಲ. ಸಿಹಿಯ ರಿಸೆಪ್ಟರಿಗೆ ಬೇಕಾದ ಎರಡು ಜೀನ್‌ಗಳಲ್ಲಿ ಒಂದು ಬೆಕ್ಕಿನ ಕುಲದಲ್ಲಿ ಯಾವಾಗಲೋ ಕೆಟ್ಟುಹೋಗಿದೆ, ಅದು ಪತ್ತೆಯಾದದ್ದು 2005ರಲ್ಲಿ. ಹುಲಿಗೂ ಅದೇ ಗತಿ. ಹುಲಿಯ ಮುಂದೆ ಮೈಸೂರು ಪಾಕ್ ಇಟ್ಟರೂ ವ್ಯರ್ಥ!

ಈಗ 1931ಕ್ಕೆ ಬನ್ನಿ. ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯ. ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿ ಒಂದು ಪುಡಿಯನ್ನು ಬಾಟಲಿಗೆ ಸುರಿಯುತ್ತಿದ್ದರು. ಧೂಳು ಎದ್ದಿತು. ಅಲ್ಲೇ ಇದ್ದ ಸಹೋದ್ಯೋಗಿ ನಾಲರ್, ಬಾಯೆಲ್ಲ ಕಹಿಯಾಯಿತು ಎಂದು ದೂರಿದರು. ಫಾಕ್ಸ್‌ಗೆ ಆಶ್ಚರ್ಯ. ಪುಡಿಗೆ ಇನ್ನೂ ಹತ್ತಿರ ಇದ್ದವರು ಅವರೇ, ಧೂಳು ಕುಡಿದವರೂ ಅವರೇ, ನಾಲಿಗೆಗೆ ಮಾತ್ರ ಏನೂ ತಿಳಿದಿರಲಿಲ್ಲ! ಇಬ್ಬರೂ ವಾದ ಮಾಡಿದರು. ಆಮೇಲೆ ಇಬ್ಬರೂ ಪುಡಿಯನ್ನೇ ಬಾಯಿಗೆ ಹಾಕಿಕೊಂಡು ನೋಡಿದರು. ಒಬ್ಬರಿಗೆ ವಿಪರೀತ ಕಹಿ, ಇನ್ನೊಬ್ಬರಿಗೆ ಸಪ್ಪೆ! (ಲ್ಯಾಬಿನ ಪುಡಿಯನ್ನು ಹೀಗೆ ನೆಕ್ಕುವುದು ಆ ಕಾಲಕ್ಕೆ ಸರಿ. ಈಗ ಮಾಡಿದರೆ ಕೆಲಸ ಹೋದೀತು.)

ಆ ಪುಡಿಯ ಪೂರ್ತಿ ಹೆಸರು ಫಿನೈಲ್‌ಥಯೋಕಾರ್ಬಮೈಡ್. ಹೇಳುವಷ್ಟರಲ್ಲಿ ನಾಲಿಗೆ ತೊಡರುತ್ತದೆ, ಹಾಗಾಗಿ ಎಲ್ಲರೂ ಪಿಟಿಸಿ ಅನ್ನುತ್ತಾರೆ. ಜೀವಶಾಸ್ತ್ರ ಓದಿದವರಿಗೆ ನೆನಪಿರಬಹುದು. ಮೇಷ್ಟ್ರು ಒಂದೊಂದು ಕಾಗದದ ಚೂರು ಕೊಟ್ಟು ನಾಲಿಗೆ ಮೇಲಿಟ್ಟುಕೊಳ್ಳಿ ಅನ್ನುತ್ತಿದ್ದರಲ್ಲ, ಅದರ ಮೇಲಿದ್ದದ್ದು ಇದೇ ಪಿಟಿಸಿ!

ಆ ವರ್ಷದ ಕೊನೆಗೆ ನ್ಯೂ ಆರ್ಲಿಯನ್ಸ್‌ನಲ್ಲಿ ವಿಜ್ಞಾನಿಗಳ ದೊಡ್ಡ ಸಮ್ಮೇಳನ. ಫಾಕ್ಸ್ ಮತ್ತು ತಳಿವಿಜ್ಞಾನಿ ಆಲ್ಬರ್ಟ್ ಬ್ಲೇಕ್ಸ್ಲೀ ಅಲ್ಲಿ ಬಂದವರಿಗೆಲ್ಲ ಪುಡಿಯ ರುಚಿ ತೋರಿಸಿದರು. ಮೂರರಲ್ಲಿ ಸುಮಾರು ಎರಡು ಪಾಲು ಜನ ಮುಖ ಸಿಂಡರಿಸಿದರು. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಜನಕ್ಕೆ ಏನೂ ಅನ್ನಿಸಲಿಲ್ಲ!

ಇದು ಅಪ್ಪ-ಅಮ್ಮನಿಂದ ಬರುವ ಗುಣ ಎಂದು ಬೇಗನೆ ಗೊತ್ತಾಯಿತು. ಡಿಎನ್‌ಎ ಪರೀಕ್ಷೆ ಇಲ್ಲದ ಆ ಕಾಲದಲ್ಲಿ, ಮಗುವಿನ ತಂದೆ ಯಾರು ಎಂಬ ತಕರಾರಿಗೂ ಇದೇ ಕಹಿ ಪುಡಿಯನ್ನು ಬಳಸಿದ್ದುಂಟು!

1939ರ ಆಗಸ್ಟ್. ಎಡಿನ್‌ಬರೊದಲ್ಲಿ ಜಗತ್ತಿನ ತಳಿವಿಜ್ಞಾನಿಗಳು ಸೇರಿದ್ದರು. ಎರಡನೇ ಮಹಾಯುದ್ಧ ಬಾಗಿಲಲ್ಲಿ ನಿಂತಿತ್ತು. ಅಂಥ ಹೊತ್ತಲ್ಲಿ ರೊನಾಲ್ಡ್ ಫಿಶರ್, ಜೂಲಿಯನ್ ಹಕ್ಸ್ಲಿ, ಇ.ಬಿ. ಫೋರ್ಡ್ ಎಂಬ ಮೂವರು ಘಟಾನುಘಟಿಗಳಿಗೆ ಒಂದೇ ಕುತೂಹಲ: ಚಿಂಪಾಂಜಿಗೆ ಪಿಟಿಸಿ ಕಹಿಯೋ ಅಲ್ಲವೋ? ಅಲ್ಲಿನ ಮೃಗಾಲಯಕ್ಕೆ ಹೋಗಿ ಸಕ್ಕರೆ ನೀರಿಗೆ ಪಿಟಿಸಿ ಬೆರೆಸಿ ಕುಡಿಸಿದರು! ಕೆಲವು ಚಿಂಪಾಂಜಿ ಸುಮ್ಮನೆ ಕುಡಿದವು. ಕೆಲವಕ್ಕೆ ಸಿಟ್ಟೇ ಬಂತು. ಅವುಗಳಲ್ಲೂ ನಮ್ಮ ಹಾಗೇ ಎರಡು ಬಣ!

ಹಾಗಾದರೆ ಈ ಭೇದ ನಮ್ಮ ಸಮಾನ ಪೂರ್ವಜರಿಂದಲೇ ಬಂದಿರಬೇಕು, ಅಲ್ಲವೇ? ಫಿಶರ್ ಅವರೂ ಹಾಗೇ ಅಂದುಕೊಂಡರು. 2006ರಲ್ಲಿ ಜೀನ್ ಓದಿ ನೋಡಿದರೆ, ಚಿಂಪಾಂಜಿಯಲ್ಲಿ ಆಗಿರುವ ಬದಲಾವಣೆಯೇ ಬೇರೆ! ಒಂದೇ ಕಹಿಗೆ ಕುರುಡಾಗುವ ದಾರಿಯನ್ನು ಎರಡು ಕುಲಗಳು ಬೇರೆಬೇರೆಯಾಗಿ ಹಿಡಿದಿವೆ.

ಮನುಷ್ಯನ ಆ ಜೀನ್ ಸಿಕ್ಕಿದ್ದು 2003ರಲ್ಲಿ. ಉನ್-ಕ್ಯುಂಗ್ ಕಿಮ್, ಡೆನಿಸ್ ಡ್ರೇನಾ ಮತ್ತು ಜೊತೆಗಾರರು ಅದನ್ನು 7ನೇ ಕ್ರೋಮೊಸೋಮಿನಲ್ಲಿ ಹಿಡಿದರು. ಹೆಸರು ಟಿಎಎಸ್2ಆರ್38. ನಾವು ಸುಮ್ಮನೆ ‘38’ ಅನ್ನೋಣ, ಆಗದೇ?

ಈ 38 ತಯಾರಿಸುವ ರಿಸೆಪ್ಟರ್ 333 ಮಣಿಗಳ ಒಂದು ಸರ ಇದ್ದ ಹಾಗೆ, ಮಣಿಗಳೆಂದರೆ ಅಮೈನೊ ಆಮ್ಲಗಳು. 49, 262, 296ನೇ ಮಣಿಗಳನ್ನು ಬದಲಿಸಿ ನೋಡಿ. ಇಷ್ಟೇ. ಪಿಟಿಸಿಯ ಕಹಿ ಮಾಯ! ಕಹಿ ಹಿಡಿಯುವ ನಮೂನೆಗೆ ಪಿಎವಿ ಎಂದು ಹೆಸರು, ಹಿಡಿಯದ್ದಕ್ಕೆ ಎವಿಐ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಎರಡೂ ಎವಿಐ ಬಂದವರೇ ಫಾಕ್ಸ್ ಸಾಹೇಬರ ಗುಂಪಿನವರು.

ಈ ಎರಡು ನಮೂನೆ ಎಷ್ಟು ಹಳೆಯವು? ಸ್ಪೇನಿನ ಎಲ್ ಸಿಡ್ರೋನ್ ಗುಹೆಯಲ್ಲಿ ಸಿಕ್ಕ ನಿಯಾಂಡರ್ತಾಲ್ ಮೂಳೆಯ ಡಿಎನ್‌ಎ ಓದಿದಾಗ 49ನೇ ಮಣಿಯ ಎರಡೂ ರೂಪ ಒಬ್ಬರಲ್ಲೇ ಸಿಕ್ಕವು. ಆ ಮೂಳೆಗೆ ಸುಮಾರು 48,000 ವರ್ಷ! ನಮ್ಮ ಮನೆಮನೆಯ ಕೋಸಿನ ಜಗಳ ಅಷ್ಟು ಹಳತು.

ಕೋಸು ಎಲ್ಲಿಂದ ಬಂತು ಅಂದಿರಾ? ಪಿಟಿಸಿಯನ್ನು ಯಾರೂ ಊಟಕ್ಕೆ ತಿನ್ನುವುದಿಲ್ಲ. ಆದರೆ ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಸೊಪ್ಪು ಇವುಗಳಲ್ಲಿರುವ ಗ್ಲುಕೋಸಿನೋಲೇಟ್‌ಗಳೂ ಅವುಗಳಿಂದ ಹುಟ್ಟುವ ರಾಸಾಯನಿಕಗಳೂ ಈ 38ನ್ನು ತಟ್ಟಿ ಎಬ್ಬಿಸುತ್ತವೆ. 2006ರ ಒಂದು ಅಧ್ಯಯನದಲ್ಲಿ ಎರಡೂ ಪಿಎವಿ ಇದ್ದವರಿಗೆ ಇಂಥ ತರಕಾರಿಗಳು ಎರಡೂ ಎವಿಐ ಇದ್ದವರಿಗಿಂತ ಶೇ 60ರಷ್ಟು ಹೆಚ್ಚು ಕಹಿ ಅನ್ನಿಸಿದವು! ಮೂಲಂಗಿ ಸಾರು ಕಂಡರೆ ಓಡುವ ಮಗುವನ್ನು ಇನ್ನು ಗದರಿಸುವ ಮುನ್ನ ಯೋಚಿಸಿ.

ಹಾಗಲಕಾಯಿಗೆ ಈ ರಿಯಾಯಿತಿ ಇಲ್ಲ! ಅದರ ಕಹಿಯ ರಾಸಾಯನಿಕ ಬೇರೆ ಜಾತಿಯದು. 38 ಮಲಗಿದ್ದರೂ ಹಾಗಲ ಕಹಿಯೇ. ಯುಗಾದಿಯ ಬೇವೂ ಅಷ್ಟೇ.

ಪಿಟಿಸಿಗೆ ಒಬ್ಬ ತಮ್ಮನಿದ್ದಾನೆ, ಹೆಸರು ಪ್ರಾಪ್. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವವರಿಗೆ ಕೊಡುವ ಔಷಧ. ಇದನ್ನು ನಾಲಿಗೆಗೆ ಮುಟ್ಟಿಸಿದರೆ ಕೆಲವರಿಗೆ ಏನೂ ಇಲ್ಲ, ಕೆಲವರಿಗೆ ಕಹಿ, ಇನ್ನು ಕೆಲವರು ಹೌಹಾರಿಬಿಡುತ್ತಾರೆ. ಈ ಮೂರನೆಯವರಿಗೆ ಅಮೆರಿಕದ ಲಿಂಡಾ ಬಾರ್ಟೋಶುಕ್ ಕೊಟ್ಟ ಹೆಸರು ‘ಸೂಪರ್ ಟೇಸ್ಟರ್’. ಕೇಳಲು ಬಿರುದಿನ ಹಾಗಿದೆ, ಅನುಭವಿಸುವವರಿಗೆ ಶಿಕ್ಷೆ!

ನೀವು ಆ ಪೈಕಿಯವರೇ? ಒಂದು ಆಟ ಆಡಿ ನೋಡಿ. ಕೇಕಿಗೆ ಹಾಕುವ ನೀಲಿ ಬಣ್ಣದ ಒಂದು ಹನಿಯನ್ನು ನಾಲಿಗೆಯ ತುದಿಗೆ ಸವರಿ. ಬಾಯಿ ಮುಕ್ಕಳಿಸಿ. ಕನ್ನಡಿ ಮುಂದೆ ನಿಂತು ನಾಲಿಗೆ ಚಾಚಿ. ನಾಲಿಗೆ ನೀಲಿಯಾಗಿರುತ್ತದೆ, ನಡುನಡುವೆ ಗುಲಾಬಿ ಚುಕ್ಕೆಗಳು ಎದ್ದು ನಿಂತಿರುತ್ತವೆ! ರುಚಿಮೊಗ್ಗುಗಳನ್ನು ಹೊತ್ತ ಉಬ್ಬುಗಳು ಅವೇ, ಬಣ್ಣವನ್ನು ಅಷ್ಟಾಗಿ ಹಿಡಿದುಕೊಳ್ಳುವುದಿಲ್ಲ. ಕಾಗದಕ್ಕೆ ಪಂಚಿಂಗ್ ಯಂತ್ರದಿಂದ ಒಂದು ತೂತು ಮಾಡಿ, ನಾಲಿಗೆಯ ಮೇಲಿಟ್ಟು, ತೂತಿನೊಳಗೆ ಕಾಣುವ ಚುಕ್ಕೆ ಎಣಿಸಿ. ಮೂವತ್ತು ಮೂವತ್ತೈದು ದಾಟಿದರೆ ಸೂಪರ್ ಟೇಸ್ಟರ್ ಎನ್ನುವುದು ಬಹುಕಾಲದ ರೂಢಿ. ಇತ್ತೀಚಿನ ಅಧ್ಯಯನಗಳು ಈ ಎಣಿಕೆಯನ್ನು ಅಷ್ಟು ನೆಚ್ಚಬೇಡಿ ಅನ್ನುತ್ತವೆ. ಇರಲಿ, ಮಕ್ಕಳಿಗಂತೂ ಭಾರೀ ಖುಷಿ!

ಈಗ ಕರುಳಿನ ಸರದಿ. 2005ರಲ್ಲಿ ಅಮೆರಿಕದ ಮಾರ್ಕ್ ಬ್ಯಾಸನ್ ಮತ್ತು ತಂಡದವರು ಕರುಳಿನ ಎಂಡೊಸ್ಕೋಪಿಗೆ ಬಂದ 251 ಜನರಿಗೆ ಮೊದಲು ಪ್ರಾಪ್ ರುಚಿ ತೋರಿಸಿದರು. ಆಮೇಲೆ ಅವರ ಕರುಳಿನಲ್ಲಿ ಪಾಲಿಪ್ ಎಷ್ಟಿವೆ ಎಂದು ನೋಡಿದರು. ಪಾಲಿಪ್ ಅಂದರೆ ಕರುಳಿನ ಒಳಗೋಡೆಯಲ್ಲಿ ಏಳುವ ಸಣ್ಣ ಗಂಟು. ಹೆಚ್ಚಿನವು ನಿರುಪದ್ರವಿ, ಕೆಲವು ಮಾತ್ರ ವರ್ಷಗಟ್ಟಲೆ ಬೆಳೆದು ಕ್ಯಾನ್ಸರ್ ಆಗುತ್ತವೆ. ಏನು ಕಂಡಿತು? ಪ್ರಾಪ್ ಎಷ್ಟು ಕಹಿ ಅನ್ನಿಸಿತ್ತೋ ಪಾಲಿಪ್ ಅಷ್ಟು ಹೆಚ್ಚು! ನಾಲಿಗೆಗೂ ಕರುಳಿನ ಗಂಟಿಗೂ ಎಲ್ಲಿಂದೆಲ್ಲಿಯ ಸಂಬಂಧ ನೋಡಿ!

ಕಾರಣ ಸುಲಭ ಅನ್ನಿಸಿತು. ಅವರಲ್ಲಿ ಕೆಲವರ ಊಟದ ವಿವರ ಕೇಳಿದಾಗ, ಕಹಿ ಹೆಚ್ಚು ತಿಳಿಯುವವರು ತರಕಾರಿ ಕಡಿಮೆ ತಿನ್ನುತ್ತಿದ್ದರು. ತರಕಾರಿ ಕಡಿಮೆ, ನಾರು ಕಡಿಮೆ, ಕರುಳಿಗೆ ಕಷ್ಟ. ಲೆಕ್ಕ ಮುಗಿಯಿತು ಅಂದುಕೊಂಡಿರಾ?

ತಾಳಿ! 2011ರಲ್ಲಿ ಜೆಕ್ ಗಣರಾಜ್ಯ ಮತ್ತು ಜರ್ಮನಿಯ ಕರುಳು ಕ್ಯಾನ್ಸರ್ ರೋಗಿಗಳ 38ನ್ನು ಓದಿ, ಆರೋಗ್ಯವಂತರದ್ದಕ್ಕೆ ಹೋಲಿಸಿದರು. ಉತ್ತರ ಪೂರ್ತಿ ಉಲ್ಟಾ! ಕಹಿ ಗೊತ್ತಾಗದ, ಎರಡೂ ಎವಿಐ ಇರುವವರಲ್ಲೇ ಕ್ಯಾನ್ಸರ್ ಸಾಧ್ಯತೆ ಸುಮಾರು ಮೂರನೇ ಒಂದು ಪಾಲು ಹೆಚ್ಚು ಕಂಡಿತು. ಎಲೆಕೋಸನ್ನು ಮುಖ ಸಿಂಡರಿಸದೆ ತಿನ್ನಬಲ್ಲವರು ಇವರೇ ತಾನೇ? ಇವರಿಗೇ ಅಪಾಯ ಕಡಿಮೆ ಇರಬೇಕಿತ್ತಲ್ಲ!

ಜಪಾನಿನಲ್ಲಿ ಜಠರ-ಕರುಳಿನ ಕ್ಯಾನ್ಸರ್ ಇದ್ದವರ ಜೀನ್ ನೋಡಿದಾಗಲೂ ಬೆರಳು ಎವಿಐ ಕಡೆಗೇ ತಿರುಗಿತು. ಬ್ರಿಟನ್ನಿನ ಸಾವಿರಾರು ಮಹಿಳೆಯರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ ಮತ್ತೆ ತಿರುವು! ಅಲ್ಲಿ ವಯಸ್ಸಾದವರ ಪೈಕಿ ಕಹಿ ಚೆನ್ನಾಗಿ ತಿಳಿಯುವವರಿಗೇ ಒಟ್ಟಾರೆ ಕ್ಯಾನ್ಸರಿನ ಅಪಾಯ ಹೆಚ್ಚು. ಅದೂ ತರಕಾರಿ ಕಡಿಮೆ ತಿಂದದ್ದರಿಂದ ಅಲ್ಲ! ನನಗಂತೂ ಈ ಜಗಳ ಬಹಳ ಇಷ್ಟ. ತಟ್ಟೆಯಲ್ಲಿ ಏನಿತ್ತು ಅನ್ನುವುದರಿಂದ ಬಿಡಿಸಲಾಗದ ಒಗಟು ಇದು.

ಹಾಗಾದರೆ ಎಲ್ಲಿ ಹುಡುಕಬೇಕು? ಕರುಳಿನೊಳಗೇ! 2002ರಲ್ಲಿ ಇಲಿಗಳ ಹೊಟ್ಟೆ-ಕರುಳಿನಲ್ಲಿ ಕಹಿಯ ರಿಸೆಪ್ಟರ್‌ಗಳು ಸಿಕ್ಕವು. ನಂತರ ಮನುಷ್ಯರ ದೊಡ್ಡ ಕರುಳಿನಲ್ಲೂ ಸಿಕ್ಕವು, 38 ಕೂಡ. ನಾಲಿಗೆಯ ಹಾಗೆ ಅವು ಮಿದುಳಿಗೆ ‘ಕಹಿ’ ಎಂದು ಹೇಳಿಕಳಿಸುವುದಿಲ್ಲ. ತಮ್ಮ ಪಾಡಿಗೆ ತಾವೇ ಏನೋ ಮಾಡಿಬಿಡುತ್ತವೆ!

ಏನು ಮಾಡುತ್ತವೆ? ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಮನುಷ್ಯ ಮತ್ತು ಇಲಿಯ ದೊಡ್ಡ ಕರುಳಿನ ತುಣುಕು ತೆಗೆದುಕೊಂಡು ಒಳಮೈಗೆ ಪ್ರಾಪ್ ತಾಗಿಸಿದರು. ಮೇಲೆ ಹೇಳಿದ ಅದೇ ಪ್ರಾಪ್. ಕರುಳು ಲವಣದ ಕಣಗಳನ್ನು ಹೊರಹಾಕಲು ಶುರುಮಾಡಿತು. ಲವಣದ ಬೆನ್ನಿಗೇ ನೀರು ಬರುತ್ತದೆ. ವಿಷ ಬಂತೇ, ತೊಳೆದು ಹಾಕು! ನಾಲಿಗೆಯದು ‘ಥೂ’, ಕರುಳಿನದು ‘ಹೋಗಾಚೆ’.

ಹಾಗಾದರೆ 38 ಮಂಕಾಗಿರುವವರ ಕರುಳು ತೊಳೆಯುವುದರಲ್ಲೂ ಮಂಕೇ? ಹಾನಿಕರ ವಸ್ತುಗಳು ಅಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆಯೇ? 2011ರ ಉಲ್ಟಾ ಉತ್ತರಕ್ಕೆ ಇದೇ ಕಾರಣ ಇರಬಹುದು ಎನ್ನುವುದು ಒಂದು ಊಹೆ. ಸೊಗಸಾದ ಊಹೆ, ಆದರೆ ಊಹೆಯೇ.

ಮೂಗಿನ ಕಥೆ ಇನ್ನೂ ಮಜಾ. ಸ್ಯುಡೊಮೊನಾಸ್ ಎಂಬ ಬ್ಯಾಕ್ಟೀರಿಯಾಗಳು ಒಂದರೊಡನೊಂದು ರಾಸಾಯನಿಕದಲ್ಲೇ ಮಾತಾಡಿಕೊಳ್ಳುತ್ತವೆ. ನಮ್ಮ ಮೂಗಿನೊಳಗಿನ 38 ಆ ಮಾತನ್ನು ಕದ್ದು ಕೇಳುತ್ತದೆ! ಕೇಳಿದ್ದೇ ತಡ, ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಬಿಟ್ಟು ಅವುಗಳನ್ನು ಹೊಡೆಯುತ್ತವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನೋಮ್ ಕೋಹೆನ್ ತಂಡ ಇದನ್ನು 2012ರಲ್ಲಿ ಕಂಡುಹಿಡಿಯಿತು. ಎರಡೂ ಪಿಎವಿ ಇದ್ದವರ ಕೋಶಗಳಿಗೆ ಕಿವಿ ಚುರುಕು, ಎವಿಐಯವರದ್ದು ಮಂದ!

ದೊಡ್ಡ ಕರುಳಿನಲ್ಲಿ 38 ಎಲ್ಲಿ ಕೂತಿದೆ ಗೊತ್ತೇ? ಹಾರ್ಮೋನ್ ಸುರಿಸುವ ‘ಎಲ್’ ಕೋಶಗಳಲ್ಲೂ ಇದೆ. ಅವು ಬಿಡುವ ಹಾರ್ಮೋನ್ ಜಿಎಲ್‌ಪಿ-1. ಎಲ್ಲೋ ಕೇಳಿದ ಹಾಗಿದೆಯೇ? ತೂಕ ಇಳಿಸಲು ಜನ ಮುಗಿಬಿದ್ದು ಕೊಳ್ಳುತ್ತಿರುವ ಒಜೆಂಪಿಕ್ ಚುಚ್ಚುಮದ್ದು ಇದೇ ಹಾರ್ಮೋನಿನ ನಕಲು!

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೂರನೇ ಒಂದು ಪಾಲು ಹೆಚ್ಚು ಅಂದ ಕೂಡಲೇ ಪಿಟಿಸಿ ಕಾಗದ ಹುಡುಕಿಕೊಂಡು ಹೊರಡಬೇಡಿ. ರುಚಿಯ ಜೀನ್ ನೋಡಿ ಕರುಳಿನ ಕ್ಯಾನ್ಸರ್ ಹೇಳುವ ವೈದ್ಯರು ಎಲ್ಲೂ ಇಲ್ಲ. ನಿಜವಾಗಿ ಜೋರು ಮಾಡುವ ಜೀನ್‌ಗಳು ಬೇರೆ ಇವೆ, ಅವುಗಳ ಕಥೆ ಒಬ್ಬ ಬಟ್ಟೆ ಹೊಲಿಯುವ ಹೆಣ್ಣುಮಗಳಿಂದ ಶುರುವಾಗುತ್ತದೆ!

1895. ಅಮೆರಿಕದ ಮಿಶಿಗನ್. ಆಲ್ಡ್ರೆಡ್ ವಾರ್ತಿನ್ ಎಂಬ ರೋಗಶಾಸ್ತ್ರಜ್ಞರ ಮನೆಗೆ ಹೊಲಿಗೆಗೆ ಬರುತ್ತಿದ್ದಾಕೆ, ನಾನು ಕರುಳಿನ ಅಥವಾ ಹೆಣ್ಣುಅಂಗಗಳ ಕ್ಯಾನ್ಸರಿನಿಂದಲೇ ಸಾಯುವವಳು ಅಂದಳು. ಮನೆಮಂದಿ ಬಹುಪಾಲು ಹಾಗೇ ಹೋಗಿದ್ದರು. ಅವಳ ಮಾತು ನಿಜವಾಯಿತು, ಗರ್ಭಕೋಶದ ಕ್ಯಾನ್ಸರಿನಿಂದ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು. ವಾರ್ತಿನ್ ಆ ವಂಶದ ವಿವರವನ್ನು 1913ರಲ್ಲಿ ಪ್ರಕಟಿಸಿದರು. ಮುಂದೆ ವೈದ್ಯ ಹೆನ್ರಿ ಲಿಂಚ್ ಅದೇ ಎಳೆ ಹಿಡಿದು ನಡೆದರು. ಈಗ ವಂಶದಲ್ಲಿ ಸಾಗುವ ಈ ರೋಗಗುಣಕ್ಕೆ ಲಿಂಚ್ ಸಿಂಡ್ರೋಮ್ ಎಂದೇ ಹೆಸರು. ಕರುಳು ಕ್ಯಾನ್ಸರಿನ ನೂರು ರೋಗಿಗಳಲ್ಲಿ ಸುಮಾರು ಮೂವರಿಗೆ ಇದೇ ಮೂಲ!

ಲಿಂಚ್ ಇರುವ 861 ಜನರ ಪೈಕಿ, ಬ್ರಿಟನ್ನಿನ ಜಾನ್ ಬರ್ನ್ ಮುಂದಾಳತ್ವದ ಪ್ರಯೋಗದಲ್ಲಿ, ಕೆಲವರಿಗೆ ದಿನಾ 600 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಹುಸಿ ಗುಳಿಗೆ ಕೊಟ್ಟರು. ಮಾಮೂಲಿ ತಲೆನೋವಿನ ಆಸ್ಪಿರಿನ್! ವರ್ಷಗಳ ನಂತರ ನೋಡಿದರೆ ಆಸ್ಪಿರಿನ್ ತಿಂದವರಲ್ಲಿ ಕರುಳು ಕ್ಯಾನ್ಸರ್ ಎದ್ದುಕಾಣುವಷ್ಟು ಕಡಿಮೆ. (ಲಿಂಚ್ ಇಲ್ಲದವರು ಅನುಕರಿಸಲು ಹೋಗಬೇಡಿ. ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲದು, ವೈದ್ಯರನ್ನೇ ಕೇಳಬೇಕು.)

ಇದಕ್ಕೂ ಕಹಿಗೂ ಏನು ಸಂಬಂಧ? ಇಲ್ಲಿದೆ ನೋಡಿ! ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ ಅಕಸ್ಮಾತ್ತಾಗಿ ವಿಲ್ಲೋ ಮರದ ತೊಗಟೆಯ ರುಚಿ ನೋಡಿದರು. ಅಬ್ಬಾ, ಎಂಥ ಕಹಿ! ಮಲೇರಿಯಾಕ್ಕೆ ಕೊಡುವ ಸಿಂಕೋನಾ ತೊಗಟೆಯೂ ಇಷ್ಟೇ ಕಹಿಯಲ್ಲವೇ, ಹಾಗಾದರೆ ಇದರಲ್ಲೂ ಔಷಧ ಇರಬೇಕು ಅಂದುಕೊಂಡರು. ಒಣಗಿಸಿ, ಪುಡಿಮಾಡಿ, ಜ್ವರದವರಿಗೆ ಕೊಟ್ಟರು. ಜ್ವರ ಇಳಿಯಿತು. 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದರು. ಆ ಎಳೆಯೇ ಮುಂದೆ 1897ರಲ್ಲಿ ಬೇಯರ್ ಕಂಪನಿಯ ಆಸ್ಪಿರಿನ್‌ವರೆಗೆ ಬಂತು. ಪಾದ್ರಿಗಳ ತರ್ಕ ತಪ್ಪು, ಎರಡು ಕಹಿಗಳಿಗೂ ನೆಂಟಸ್ತನವೇ ಇಲ್ಲ. ಫಲ ಮಾತ್ರ ಸರಿ!

ವಿಲ್ಲೋ ತೊಗಟೆಯ ಕಹಿಗೆ ಕಾರಣ ಸ್ಯಾಲಿಸಿನ್. ಅದನ್ನು ಹಿಡಿಯುವ ರಿಸೆಪ್ಟರ್ 38ರ ಅಣ್ಣ, ಟಿಎಎಸ್2ಆರ್16. ಅದೂ 7ನೇ ಕ್ರೋಮೊಸೋಮಿನಲ್ಲೇ ಇದೆ! 2017ರಲ್ಲಿ ಜೆಕ್ ರೋಗಿಗಳ ಜೀನ್ ಶೋಧಿಸಿದಾಗ, ಈ 16ರ ಒಂದು ನಮೂನೆಗೂ ಗುದನಾಳದ ಕ್ಯಾನ್ಸರಿಗೂ ನಂಟಿನ ಸುಳಿವು ಸಿಕ್ಕಿತು. ತಿರುಗಿ ತಿರುಗಿ ಕಹಿಯ ಮನೆಗೇ ಬಂದೆವು!

16ರ ಇನ್ನೊಂದು ಸುದ್ದಿ ಇಟಲಿಯದು. ಕಲಾಬ್ರಿಯಾ ಎಂಬ ಪ್ರಾಂತ್ಯದಲ್ಲಿ 20ರಿಂದ 106 ವರ್ಷದವರೆಗಿನ 941 ಜನರ ಕಹಿ ಜೀನ್ ನೋಡಿದರು. ದೀರ್ಘಾಯುಷಿಗಳಲ್ಲಿ 16ರ ಒಂದು ನಮೂನೆ ಹೆಚ್ಚು ಕಂಡಿತು. ಕಹಿ ತಿಳಿದರೆ ಆಯುಸ್ಸು ಹೆಚ್ಚೇ? ಅಜ್ಜಿಯರಿಗೆ ಇದನ್ನು ಹೇಳಬೇಡಿ, ನಾಳೆಯಿಂದ ದಿನಾ ಕಷಾಯ ಕುಡಿಸಿಯಾರು!

ಕೊನೆಗೆ ಆ ಪಾಲಿಪ್‌ಗಳ ವಿಷಯ. 1969ರವರೆಗೆ ಕರುಳಿನ ಮೇಲ್ಭಾಗದ ಪಾಲಿಪ್ ತೆಗೆಯಲು ಹೊಟ್ಟೆ ಕೊಯ್ಯಬೇಕಿತ್ತು. ಆ ವರ್ಷ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್, ಕೊಲೊನೊಸ್ಕೋಪಿನ ಕೊಳವೆಯೊಳಗೇ ಒಂದು ತಂತಿಯ ಕುಣಿಕೆ ತೂರಿಸಿ, ಪಾಲಿಪ್‌ನ ಬುಡಕ್ಕೆ ಬಿಗಿದು, ವಿದ್ಯುತ್ ಹರಿಸಿ ಕತ್ತರಿಸಿಬಿಟ್ಟರು! ಕ್ಯಾನ್ಸರ್ ಆಗಬಹುದಾದ ಗಂಟು ಅಲ್ಲೇ ಮುಗಿಯಿತು. ಈಗ ಜಗತ್ತಿನೆಲ್ಲೆಡೆ ಮಾಡುವುದು ಇದನ್ನೇ. ಕತ್ತರಿಸುವಾಗ ನೋವಾಗುವುದಿಲ್ಲವೇ? ಇಲ್ಲ! ಹಿಗ್ಗಿದರೆ, ಸೆಳೆದರೆ ಕರುಳಿಗೆ ತಿಳಿಯುತ್ತದೆ. ಆದರೆ ಒಂದು ಚಿಟಿಕೆ ಪ್ರಾಪ್‌ಗೆ ನೀರು ಬಿಟ್ಟು ಗಲಾಟೆ ಮಾಡುವ ಅದರ ಒಳಪದರಕ್ಕೆ, ತನ್ನ ಮೈಯನ್ನೇ ಕೊಯ್ದರೂ ಗೊತ್ತಾಗುವುದಿಲ್ಲ!